ಖಾಸಗೀಕರಣದ ನಂತರ ಯುರೇನಿಯಂ ಪುಷ್ಟೀಕರಣ ಸ್ಥಾವರಗಳ ಮೇಲುಸ್ತುವಾರಿ

ಸರ್ಕಾರದ ಒಡೆತನದಲ್ಲಿದ್ದ ಉದ್ಯಮವೊಂದು ಖಾಸಗಿಯವರ ಕೈಸೇರುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಬೊಕ್ಕಸಕ್ಕೆ ಬಂದ ಹಣವೆಷ್ಟು ಎಂಬುದು ಒಂದು. ಅಲ್ಲಿ ದುಡಿಯುತ್ತಿದ್ದವರ ಗತಿಯೇನು ಎಂಬುದು ಇನ್ನೊಂದು. ಆ ಉದ್ಯಮವು ಯುರೇನಿಯಂ ಪುಷ್ಟೀಕರಣದ ಸ್ಥಾವರವಾಗಿದ್ದ ಪಕ್ಷದಲ್ಲಿ ಮೂರನೆಯ ಪ್ರಶ್ನೆಯೊಂದು ಉದ್ಭವಿಸುತ್ತದೆ: ಇನ್ನು ಮುಂದೆ ಅದರ ಮೇಲೆ ಕಣ್ಣಿಡುವವರು ಯಾರು? ಮನೆಯ ಯಜಮಾನ ಬದಲಾದ ಮಾತ್ರಕ್ಕೆ ಒಲೆಯ ಬೆಂಕಿಯ ಗುಣ ಬದಲಾಗುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು 1990ರ ದಶಕದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಆ ಅನುಭವವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ನಿರೂಪಿಸುವುದು ಈ ಉಪನ್ಯಾಸದ ಉದ್ದೇಶ.

ಪುಷ್ಟೀಕರಣ ಮತ್ತು ಅದರ ಅಪಾಯಗಳು

ಗಣಿಯಿಂದ ದೊರೆಯುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪ್ರಮಾಣ ಶೇಕಡ 0.7ರಷ್ಟು ಮಾತ್ರ. ವಿದ್ಯುತ್ ಉತ್ಪಾದಿಸುವ ಬಹುಪಾಲು ರಿಯಾಕ್ಟರುಗಳಿಗೆ ಇದು ಶೇಕಡ 3ರಿಂದ 5ರಷ್ಟಿರಬೇಕು. ಈ ಪ್ರಮಾಣವನ್ನು ಹೆಚ್ಚಿಸುವ ಕ್ರಿಯೆಯೇ ಪುಷ್ಟೀಕರಣ. ಇದೇ ಕ್ರಿಯೆಯನ್ನು ಮುಂದುವರಿಸಿ ಶೇಕಡ 90ರ ಮಟ್ಟಕ್ಕೆ ಕೊಂಡೊಯ್ದರೆ ಅದು ಅಣ್ವಸ್ತ್ರಕ್ಕೆ ಒದಗುವ ವಸ್ತುವಾಗುತ್ತದೆ. ಆದುದರಿಂದ ಪುಷ್ಟೀಕರಣ ಸ್ಥಾವರದ ಮೇಲುಸ್ತುವಾರಿಯು ಕಾರ್ಖಾನೆಯ ಸುರಕ್ಷತೆಗೆ ಸಂಬಂಧಿಸಿದಷ್ಟೇ ರಾಷ್ಟ್ರದ ಭದ್ರತೆಗೂ ಸಂಬಂಧಿಸಿದ ವಿಷಯ.

ಸ್ಥಾವರದೊಳಗಿನ ಅಪಾಯಗಳು ಮುಖ್ಯವಾಗಿ ಎರಡು ಬಗೆಯವು. ಪುಷ್ಟೀಕೃತ ಯುರೇನಿಯಂ ಮಿತಿಮೀರಿದ ಪ್ರಮಾಣದಲ್ಲಿ ಒಂದೆಡೆ ಸೇರಿದರೆ ತಾನಾಗಿಯೇ ಸರಣಿ ಕ್ರಿಯೆ ಆರಂಭವಾಗಿ ಮಾರಕ ವಿಕಿರಣ ಹೊಮ್ಮಬಹುದು. ಎರಡನೆಯದು ರಾಸಾಯನಿಕ ಅಪಾಯ. ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಸಂಯುಕ್ತವನ್ನು ಕಾಯಿಸಿ ಅನಿಲರೂಪದಲ್ಲಿ ಸ್ಥಾವರಕ್ಕೆ ಹರಿಸಲಾಗುತ್ತದೆ. ಇದು ಹೊರಗಿನ ಗಾಳಿಯ ತೇವದೊಡನೆ ಸೇರಿದಾಗ ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಉತ್ಪತ್ತಿಯಾಗುತ್ತದೆ. 1986ರ ಜನವರಿಯಲ್ಲಿ ಒಕ್ಲಹೋಮ ರಾಜ್ಯದ ಗೋರ್ ಎಂಬಲ್ಲಿನ ಯುರೇನಿಯಂ ಪರಿವರ್ತನಾ ಸ್ಥಾವರದಲ್ಲಿ ಮಿತಿಗಿಂತ ಹೆಚ್ಚು ತುಂಬಿದ್ದ ಸಿಲಿಂಡರೊಂದನ್ನು ಕಾಯಿಸಿದಾಗ ಅದು ಸಿಡಿದು ಒಬ್ಬ ಕಾರ್ಮಿಕ ಮೃತಪಟ್ಟನು. ಅವನ ಪ್ರಾಣ ತೆಗೆದದ್ದು ವಿಕಿರಣವಲ್ಲ, ಈ ಅನಿಲ.

ನಡೆಸುವವರೇ ನೋಡಿಕೊಳ್ಳುವ ಪದ್ಧತಿ

ಕೆಂಟಕಿ ರಾಜ್ಯದ ಪಡೂಕಾ ನಗರದ ಸಮೀಪದ ಸ್ಥಾವರವು 1952ರಲ್ಲಿಯೂ, ಒಹಾಯೊ ರಾಜ್ಯದ ಪೈಕ್‌ಟನ್‌ನಲ್ಲಿ ಪೋರ್ಟ್ಸ್‌ಮತ್ ಹೆಸರಿನಿಂದ ಪರಿಚಿತವಾದ ಸ್ಥಾವರವು 1954ರಲ್ಲಿಯೂ ಕಾರ್ಯಾರಂಭ ಮಾಡಿದವು. ಎರಡೂ ಅನಿಲ ವಿಸರಣ ವಿಧಾನದ ಸ್ಥಾವರಗಳು. ಅಣ್ವಸ್ತ್ರ ಪೈಪೋಟಿಯ ಕಾಲದಲ್ಲಿ ಹುಟ್ಟಿದ ಇವುಗಳನ್ನು ಮೊದಲು ಪರಮಾಣು ಶಕ್ತಿ ಆಯೋಗವೂ, ಅನಂತರ ಇಂಧನ ಇಲಾಖೆಯೂ ಗುತ್ತಿಗೆ ಸಂಸ್ಥೆಗಳ ಮೂಲಕ ನಡೆಸಿದವು. ಖಾಸಗಿ ವಿದ್ಯುತ್ ಸ್ಥಾವರಗಳ ಸುರಕ್ಷತೆಗಾಗಿ 1975ರಲ್ಲಿಯೇ ಪರಮಾಣು ನಿಯಂತ್ರಣ ಆಯೋಗವೆಂಬ ಪ್ರತ್ಯೇಕ ಸಂಸ್ಥೆ ಅಸ್ತಿತ್ವಕ್ಕೆ ಬಂದಿದ್ದರೂ ಈ ಎರಡು ಸ್ಥಾವರಗಳು ಅದರ ವ್ಯಾಪ್ತಿಗೆ ಸೇರಿರಲಿಲ್ಲ. ಉತ್ಪಾದನೆಯ ಗುರಿಯನ್ನು ಗೊತ್ತುಪಡಿಸುವ ಇಲಾಖೆಯೇ ಸುರಕ್ಷತೆಯ ನಿಯಮಗಳನ್ನೂ ಗೊತ್ತುಪಡಿಸುತ್ತಿತ್ತು. ತನ್ನ ಲೆಕ್ಕವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಕರಣಿಕ ಪ್ರಾಮಾಣಿಕನೇ ಆಗಿದ್ದರೂ ಅಂತಹ ತಪಾಸಣೆಯನ್ನು ಊರವರು ನಂಬುವುದು ಕಷ್ಟ.

ಹಂತ ಹಂತವಾದ ಬದಲಾವಣೆ

1992ರ ಇಂಧನ ನೀತಿ ಕಾಯಿದೆಯು ಅಮೆರಿಕ ಪುಷ್ಟೀಕರಣ ನಿಗಮವನ್ನು ಸ್ಥಾಪಿಸಿತು. ಆರಂಭದಲ್ಲಿ ಇದು ಸರ್ಕಾರದ ಒಡೆತನದ ನಿಗಮವೇ ಆಗಿತ್ತು. 1993ರ ಜುಲೈ 1ರಂದು ಇದು ಎರಡೂ ಸ್ಥಾವರಗಳನ್ನು ಇಂಧನ ಇಲಾಖೆಯಿಂದ ಭೋಗ್ಯಕ್ಕೆ ಪಡೆಯಿತು. ಜಮೀನು ಮತ್ತು ಕಟ್ಟಡಗಳ ಒಡೆತನ ಇಲಾಖೆಯಲ್ಲಿಯೇ ಉಳಿಯಿತು.

ಅದೇ ಕಾಯಿದೆಯು ಸ್ಥಾವರಗಳಿಗೆ ಅನ್ವಯಿಸುವ ಸುರಕ್ಷತಾ ಮಾನದಂಡಗಳನ್ನು ಎರಡು ವರ್ಷಗಳೊಳಗಾಗಿ ರೂಪಿಸಬೇಕೆಂದು ಪರಮಾಣು ನಿಯಂತ್ರಣ ಆಯೋಗಕ್ಕೆ ಆದೇಶಿಸಿತು. ಅದರಂತೆ 1994ರಲ್ಲಿ ನಿಯಮಗಳು ಪ್ರಕಟವಾದವು. ಆಯೋಗವು ಪೂರ್ಣವಾಗಿ ಹೊಣೆ ವಹಿಸಿಕೊಳ್ಳುವವರೆಗೆ ಇಂಧನ ಇಲಾಖೆಯೇ ಮೇಲುಸ್ತುವಾರಿ ನಡೆಸಿತು. 1996ರಲ್ಲಿ ನಿಗಮದ ಖಾಸಗೀಕರಣಕ್ಕೆ ಕಾಯಿದೆ ಬಂದಿತು; ಅದೇ ವರ್ಷ ಆಯೋಗವು ಎರಡೂ ಸ್ಥಾವರಗಳಿಗೆ ಪ್ರಮಾಣಪತ್ರ ನೀಡಿತು. 1997ರ ಮಾರ್ಚ್ 3ರಂದು ಮೇಲುಸ್ತುವಾರಿ ಆಯೋಗದ ಕೈಗೆ ಬಂದಿತು. 1998ರ ಜುಲೈ ತಿಂಗಳಿನಲ್ಲಿ ನಿಗಮದ ಷೇರುಗಳು ಸಾರ್ವಜನಿಕರಿಗೆ ಮಾರಾಟವಾಗಿ ಸರ್ಕಾರಕ್ಕೆ ಸುಮಾರು 190 ಕೋಟಿ ಡಾಲರ್ ದೊರೆಯಿತು.

ಈ ದಿನಾಂಕಗಳ ಅನುಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಕಾವಲುಗಾರನು ಮೊದಲು ಬಂದನು. ಹೊಸ ಯಜಮಾನನು ಆಮೇಲೆ ಬಂದನು. ಒಡೆತನ ಕೈಬದಲಾಗುವ ವೇಳೆಗೆ ನಿಯಮ, ಪ್ರಮಾಣಪತ್ರ, ತಪಾಸಣೆಗಳೆಲ್ಲವೂ ಒಂದು ವರ್ಷಕ್ಕೂ ಮೇಲ್ಪಟ್ಟು ಜಾರಿಯಲ್ಲಿದ್ದವು.

ಪ್ರಮಾಣಪತ್ರದ ಸ್ವರೂಪ

ಹೊಸದಾಗಿ ನಿರ್ಮಾಣವಾಗುವ ಸ್ಥಾವರಕ್ಕೆ ಪರವಾನಗಿ ನೀಡುವಾಗ ಅದರ ನಕ್ಷೆಯಿಂದ ಮೊದಲುಗೊಂಡು ಪ್ರತಿಯೊಂದನ್ನೂ ಪರಿಶೀಲಿಸಬಹುದು. ಆದರೆ ನಾಲ್ಕು ದಶಕಗಳಷ್ಟು ಹಳೆಯದಾದ ಈ ಸ್ಥಾವರಗಳನ್ನು ಒಮ್ಮೆಗೇ ಹೊಸ ಮಾನದಂಡಕ್ಕೆ ಏರಿಸುವುದು ಅಸಾಧ್ಯವಾಗಿತ್ತು. ಆದಕಾರಣ ಪರವಾನಗಿಗೆ ಬದಲಾಗಿ ಅನುಸರಣಾ ಪ್ರಮಾಣಪತ್ರವೆಂಬ ವಿಧಾನವನ್ನು ಅನುಸರಿಸಲಾಯಿತು. ಸ್ಥಾವರವು ಯಾವ ನಿಯಮಗಳನ್ನು ಪಾಲಿಸುತ್ತಿದೆ, ಯಾವುದನ್ನು ಇನ್ನೂ ಪಾಲಿಸಲಾಗಿಲ್ಲ, ಕೊರತೆಯನ್ನು ಯಾವ ಅವಧಿಯೊಳಗೆ ಸರಿಪಡಿಸಲಾಗುವುದು, ಅಲ್ಲಿಯವರೆಗೆ ಕಾರ್ಯ ಮುಂದುವರಿಸಲು ಸಮರ್ಥನೆ ಏನು ಎಂಬುದನ್ನು ಅನುಸರಣಾ ಯೋಜನೆಯೊಂದರಲ್ಲಿ ಲಿಖಿತವಾಗಿ ದಾಖಲಿಸಬೇಕಾಗಿತ್ತು. ನ್ಯೂ ಮ್ಯಾಡ್ರಿಡ್ ಭೂಕಂಪ ವಲಯಕ್ಕೆ ಸಮೀಪವಿರುವ ಪಡೂಕಾದಲ್ಲಿ ಎರಡು ಕಟ್ಟಡಗಳನ್ನು ಭೂಕಂಪ ತಾಳುವಂತೆ ಬಲಪಡಿಸುವ ಕೆಲಸವು ಇಂತಹ ಕೊರತೆಗಳ ಪಟ್ಟಿಯಲ್ಲಿ ಸೇರಿತ್ತು.

ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕೆಂದು ಮೊದಲು ವಿಧಿಸಲಾಗಿತ್ತು. 1996ರ ಕಾಯಿದೆಯು ಈ ಅವಧಿಯನ್ನು ಐದು ವರ್ಷಗಳವರೆಗೆ ವಿಸ್ತರಿಸಲು ಅವಕಾಶ ನೀಡಿತು. ನಿಗಮವು ವಿದೇಶೀಯರ ಒಡೆತನಕ್ಕೆ ಅಥವಾ ಹತೋಟಿಗೆ ಒಳಪಟ್ಟಲ್ಲಿ ಪ್ರಮಾಣಪತ್ರ ನೀಡಕೂಡದೆಂದೂ ಕಾನೂನು ವಿಧಿಸಿತು. ಆಯೋಗದ ತಪಾಸಣಾಧಿಕಾರಿಗಳು ಸ್ಥಾವರಗಳಲ್ಲಿಯೇ ನಿಯುಕ್ತರಾಗಿ ದಿನನಿತ್ಯದ ಕೆಲಸವನ್ನು ಪರಿಶೀಲಿಸುತ್ತಿದ್ದರು. ಉಲ್ಲಂಘನೆ ಕಂಡುಬಂದಾಗ ನೋಟೀಸು ನೀಡುವ, ದಂಡ ವಿಧಿಸುವ ಅಧಿಕಾರ ಆಯೋಗಕ್ಕೆ ಇತ್ತು.

ತಡವಾಗಿ ಹೊರಬಿದ್ದ ಸತ್ಯ

ಹೊರಗಿನ ಕಣ್ಣು ಏಕೆ ಬೇಕೆಂಬುದನ್ನು 1999ರ ಆಗಸ್ಟ್ ತಿಂಗಳಿನಲ್ಲಿ ಹೊರಬಿದ್ದ ಸಂಗತಿಯು ನೋವಿನಿಂದ ತಿಳಿಸಿಕೊಟ್ಟಿತು. ರಿಯಾಕ್ಟರುಗಳಲ್ಲಿ ಒಮ್ಮೆ ಬಳಕೆಯಾಗಿ ಮರುಸಂಸ್ಕರಣೆಗೊಂಡ ಯುರೇನಿಯಂ ಅನ್ನು 1950ರ ದಶಕದಿಂದ 1970ರ ದಶಕದವರೆಗೆ ಪಡೂಕಾ ಸ್ಥಾವರಕ್ಕೆ ತುಂಬಲಾಗಿತ್ತು. ಅದರಲ್ಲಿ ಪ್ಲುಟೋನಿಯಂ ಮತ್ತು ನೆಪ್ಟೂನಿಯಂ ಅಂಶಗಳು ಬೆರೆತಿದ್ದವು. ತಾವು ಮುಟ್ಟುತ್ತಿದ್ದ, ಉಸಿರಾಡುತ್ತಿದ್ದ ಧೂಳಿನಲ್ಲಿ ಇವು ಇದ್ದವೆಂಬುದು ಅನೇಕ ಕಾರ್ಮಿಕರಿಗೆ ತಿಳಿದಿರಲಿಲ್ಲ. ಪತ್ರಿಕೆಯೊಂದು ಈ ವಿಷಯವನ್ನು ಬಯಲಿಗೆಳೆದ ಮರುತಿಂಗಳು ಅಂದಿನ ಇಂಧನ ಕಾರ್ಯದರ್ಶಿ ಬಿಲ್ ರಿಚರ್ಡ್‌ಸನ್ ಪಡೂಕಾಕ್ಕೆ ತೆರಳಿ ಕಾರ್ಮಿಕರ ಕ್ಷಮೆ ಕೋರಿದರು. 2000ದ ಅಕ್ಟೋಬರಿನಲ್ಲಿ ಪರಿಹಾರ ಕಾಯಿದೆ ಜಾರಿಗೆ ಬಂದಿತು. ಪಡೂಕಾ, ಪೋರ್ಟ್ಸ್‌ಮತ್ ಮತ್ತು ಓಕ್ ರಿಜ್ ಸ್ಥಾವರಗಳಲ್ಲಿ ನಿಗದಿತ ಅವಧಿ ದುಡಿದು ಕೆಲವು ಬಗೆಯ ಕ್ಯಾನ್ಸರಿಗೆ ತುತ್ತಾದವರು ತಮ್ಮ ದೇಹಕ್ಕೆ ತಗುಲಿದ ವಿಕಿರಣದ ಪ್ರಮಾಣವನ್ನು ರುಜುವಾತುಪಡಿಸದೆಯೇ 1,50,000 ಡಾಲರ್ ಪರಿಹಾರಕ್ಕೆ ಅರ್ಹರಾದರು.

ಈ ಹಾನಿ ಸಂಭವಿಸಿದ್ದು ಖಾಸಗೀಕರಣದ ನಂತರವಲ್ಲ. ಸರ್ಕಾರವೇ ಒಡೆಯನೂ ಮೇಲ್ವಿಚಾರಕನೂ ಆಗಿದ್ದ ಕಾಲದಲ್ಲಿ. ಹಾಗೆಂದು ಖಾಸಗಿ ಒಡೆತನವೇ ಸುರಕ್ಷತೆಯ ಭರವಸೆ ಎನ್ನುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರ್ 30ರಂದು ಜಪಾನಿನ ಟೋಕೈಮುರಾದ ಖಾಸಗಿ ಇಂಧನ ಕಾರ್ಖಾನೆಯಲ್ಲಿ ಕಾರ್ಮಿಕರು ಅನುಮೋದಿತ ವಿಧಾನವನ್ನು ಬಿಟ್ಟು, ಪುಷ್ಟೀಕೃತ ಯುರೇನಿಯಂ ದ್ರಾವಣವನ್ನು ಬಕೆಟ್ಟುಗಳಿಂದ ತೊಟ್ಟಿಯೊಂದಕ್ಕೆ ಸುರಿದರು. ಸರಣಿ ಕ್ರಿಯೆ ಆರಂಭವಾಯಿತು. ಇಬ್ಬರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ಕಾರ್ಖಾನೆಗೆ ಸರ್ಕಾರದ ಪರವಾನಗಿ ಇತ್ತು. ಆದರೆ ಒಳಗೆ ನಿತ್ಯ ನಡೆಯುತ್ತಿದ್ದುದು ಪರವಾನಗಿಯಲ್ಲಿ ಬರೆದಂತೆ ಇರಲಿಲ್ಲ. ವರ್ಷಾಂತ್ಯದೊಳಗೆ ಜಪಾನ್ ತನ್ನ ಕಾನೂನನ್ನು ತಿದ್ದಿ ತಪಾಸಣೆಯನ್ನು ಬಿಗಿಗೊಳಿಸಿತು.

ಪಡೂಕಾ ಮತ್ತು ಟೋಕೈಮುರಾಗಳನ್ನು ಜೊತೆಗಿಟ್ಟು ನೋಡಿದಾಗ ವಿಷಯ ಸ್ಪಷ್ಟವಾಗುತ್ತದೆ. ಒಡೆಯನು ಸರ್ಕಾರವೇ ಖಾಸಗಿಯವರೇ ಎಂಬುದಕ್ಕಿಂತ, ಉತ್ಪಾದನೆಯ ಲಾಭನಷ್ಟದಲ್ಲಿ ಪಾಲಿಲ್ಲದ ತಪಾಸಣಾಧಿಕಾರಿಯೊಬ್ಬನು ಒಳಗೆ ಹೋಗಿ ನೋಡುತ್ತಿದ್ದಾನೆಯೇ ಎಂಬುದೇ ಮುಖ್ಯ.

ಲಾಭ ನಿಂತಾಗ ಉಳಿಯುವ ಹೊಣೆ

ಪ್ರಮಾಣಪತ್ರವು ಸ್ಥಾವರದ ಸುರಕ್ಷತೆಯನ್ನು ಕಾಯಬಲ್ಲುದೇ ಹೊರತು ಕಂಪನಿಯ ವ್ಯಾಪಾರವನ್ನು ಕಾಯಲಾರದು. ವಿಪರೀತ ವಿದ್ಯುತ್ ಬೇಡುವ ಅನಿಲ ವಿಸರಣ ವಿಧಾನವು ಅಪಕೇಂದ್ರಕ ಯಂತ್ರಗಳ ವಿಧಾನದೊಡನೆ ಸ್ಪರ್ಧಿಸಲಾರದೆ ಹೋಯಿತು. ಪೋರ್ಟ್ಸ್‌ಮತ್ ಸ್ಥಾವರದಲ್ಲಿ 2001ರ ಮೇ ತಿಂಗಳಿನಲ್ಲಿ, ಪಡೂಕಾದಲ್ಲಿ 2013ರ ಮೇ ತಿಂಗಳಿನಲ್ಲಿ ಪುಷ್ಟೀಕರಣ ನಿಂತಿತು. ಕಂಪನಿಯು 2014ರ ಮಾರ್ಚಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿ, ಅದೇ ವರ್ಷ ಸೆಂಟ್ರಸ್ ಎನರ್ಜಿ ಎಂಬ ಹೊಸ ಹೆಸರಿನಲ್ಲಿ ಮರುಜೀವ ಪಡೆಯಿತು. ಪಡೂಕಾ ಸ್ಥಾವರ ಇಂಧನ ಇಲಾಖೆಗೆ ಮರಳಿತು. ಕಲುಷಿತ ಕಟ್ಟಡಗಳನ್ನು ಕೆಡವುವ, ಸಾವಿರಾರು ಸಿಲಿಂಡರುಗಳಲ್ಲಿ ಉಳಿದ ಕ್ಷೀಣ ಯುರೇನಿಯಂ ಅನ್ನು ಸುರಕ್ಷಿತ ರೂಪಕ್ಕೆ ತರುವ ಕಾರ್ಯವು ಸರ್ಕಾರದ ಹೆಗಲಿಗೇ ಬಿದ್ದಿತು. ಇಂತಹ ವೆಚ್ಚಕ್ಕಾಗಿ ವಿದ್ಯುತ್ ಕಂಪನಿಗಳ ವಂತಿಗೆಯೂ ಸೇರುವ ನಿಧಿಯೊಂದನ್ನು 1992ರ ಕಾಯಿದೆಯೇ ಸ್ಥಾಪಿಸಿದ್ದುದು ದೂರದೃಷ್ಟಿಯ ಕ್ರಮವೆನ್ನಬೇಕು.

ಆ ನಂತರದ ಖಾಸಗಿ ಸ್ಥಾವರಗಳಿಗೆ ಪ್ರಮಾಣಪತ್ರದ ಬದಲು ಪೂರ್ಣ ಪರವಾನಗಿಯ ವಿಧಾನವೇ ಅನ್ವಯವಾಯಿತು. ನ್ಯೂ ಮೆಕ್ಸಿಕೊದ ಯೂನಿಸ್ ಸ್ಥಾವರವು 2006ರಲ್ಲಿ ಪರವಾನಗಿ ಪಡೆದು 2010ರಲ್ಲಿ ಕಾರ್ಯಾರಂಭ ಮಾಡಿತು. ಪೈಕ್‌ಟನ್‌ನ ಅಪಕೇಂದ್ರಕ ಯಂತ್ರ ಸ್ಥಾವರಕ್ಕೆ 2007ರಲ್ಲಿ ಪರವಾನಗಿ ದೊರೆಯಿತು.

ಭಾರತದ ಸಂದರ್ಭ

ಭಾರತದಲ್ಲಿ ಪುಷ್ಟೀಕರಣವು ಖಾಸಗಿಯವರಿಗೆ ತೆರೆದಿಲ್ಲ. ಮೈಸೂರಿನ ಸಮೀಪದ ರೇರ್ ಮೆಟೀರಿಯಲ್ಸ್ ಸ್ಥಾವರವು ಕೇಂದ್ರ ಸರ್ಕಾರದ ಪರಮಾಣು ಶಕ್ತಿ ಇಲಾಖೆಗೆ ಸೇರಿದುದು. ಮುಂಬಯಿಯ ಅಣುಶಕ್ತಿನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು 1983ರ ನವೆಂಬರಿನಲ್ಲಿ ಸರ್ಕಾರದ ಆದೇಶದಿಂದ ರಚಿತವಾಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಂತಿ ಅಧಿನಿಯಮವು ಪರಮಾಣು ವಿದ್ಯುತ್ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯುವುದರ ಜೊತೆಗೆ ಮಂಡಳಿಗೆ ಶಾಸನದ ಬಲವನ್ನು ನೀಡಿದೆ; ಪುಷ್ಟೀಕರಣವನ್ನು ಕೇಂದ್ರ ಸರ್ಕಾರಕ್ಕೇ ಕಾಯ್ದಿರಿಸಿದೆ. ಹೊಸ ಒಡೆಯರು ಬರಲಿರುವ ಈ ಸಂದರ್ಭದಲ್ಲಿ ಪಡೂಕಾದ ಪಾಠ ಭಾರತೀಯ ನಾಗರಿಕರಿಗೂ ಪ್ರಸ್ತುತವಾದುದೇ.

ಸಭಿಕ ಬಂಧುಗಳೇ, ಆ ಪಾಠವನ್ನು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು. ಒಡೆತನ ಬದಲಾಗುವ ಮೊದಲೇ ಸ್ವತಂತ್ರವಾದ ಮೇಲುಸ್ತುವಾರಿ ನೆಲೆಗೊಂಡಿರಬೇಕು. ಕೊರತೆಗಳನ್ನು ಮುಚ್ಚಿಡದೆ, ಅವಧಿ ಸಹಿತ ಬರೆದಿಡಬೇಕು. ವ್ಯಾಪಾರ ಮುಗಿದ ಮೇಲೆ ಉಳಿಯುವ ಹೊಣೆ ಯಾರದೆಂಬುದು ವ್ಯಾಪಾರ ಆರಂಭವಾಗುವ ದಿನವೇ ನಿಶ್ಚಯವಾಗಬೇಕು. ತಾನು ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ಕೇಳುವ ಕಾರ್ಮಿಕನಿಗೆ ಸತ್ಯವಾದ ಉತ್ತರ ದೊರೆಯಬೇಕು, ಅದೂ ಸಕಾಲದಲ್ಲಿ ದೊರೆಯಬೇಕು. ಎಲ್ಲ ನಿಯಮಗಳ ಸಾರ್ಥಕತೆ ಇರುವುದು ಅದರಲ್ಲಿಯೇ.