ಹರಿಪುರದಿಂದ ಶಿವಪುರಕ್ಕೆ: ಮಹಾಧಿವೇಶನದಲ್ಲಿ ತಾಲ್ಲೂಕಿನ ಪ್ರತಿನಿಧಿ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ರಾಜಕೀಯ ಮಾತನಾಡದ ಜಗಲಿಕಟ್ಟೆ ಸಿಗುವುದು ಕಷ್ಟ. ರಾಷ್ಟ್ರೀಯ ಪಕ್ಷವೊಂದು ದೂರದ ಊರಿನಲ್ಲಿ ಮಹಾಧಿವೇಶನ ಕರೆದರೆ ಇಲ್ಲಿಂದಲೂ ಒಂದಷ್ಟು ಮಂದಿ ಹೊರಡುತ್ತಾರೆ. ಎದೆಗೆ ಬಿಲ್ಲೆ, ಹೆಗಲಿಗೆ ಚೀಲ, ಮರಳಿದ ಮೇಲೆ ಊರಿನವರಿಗೆ ಹೇಳಲು ನಾಲ್ಕು ಸುದ್ದಿ. ಇಂಥ ಪ್ರತಿನಿಧಿ ಅಲ್ಲಿ ಏನು ಮಾಡುತ್ತಾನೆ? ತೀರ್ಮಾನದಲ್ಲಿ ಪಾಲುಗಾರನೋ, ಪೆಂಡಾಲು ತುಂಬಿಸುವ ತಲೆಯೋ? ಈ ಪ್ರಶ್ನೆಗೆ ಶತಮಾನದ ಇತಿಹಾಸವಿದೆ.

ಹಳೆಯ ಮೈಸೂರಿನ ಗ್ರಾಮಮುಖಂಡರಿಗೆ ಮೊದಲು ಪರಿಚಯವಾದ ದೊಡ್ಡ ಸಭೆ ಪಕ್ಷದ್ದಲ್ಲ, ಸರ್ಕಾರದ್ದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ 144 ಮಂದಿ ಸದಸ್ಯರಿದ್ದರು. ದಸರೆಯ ಕಾಲದಲ್ಲಿ ಮೈಸೂರಿಗೆ ಹೋಗಿ, ದಿವಾನರ ವರದಿ ಕೇಳಿ, ಕೆರೆ, ಕಂದಾಯ, ರಸ್ತೆಗಳ ಬಗ್ಗೆ ಅಹವಾಲು ಹೇಳಿಕೊಂಡು ಬರುವುದು ಅವರ ಕೆಲಸ. ಕೇಳುವ ಹಕ್ಕಿತ್ತು, ತೀರ್ಮಾನಿಸುವ ಅಧಿಕಾರವಿರಲಿಲ್ಲ. ಆದರೂ ಹೋಬಳಿಯ ಮನುಷ್ಯನೊಬ್ಬ ರಾಜಧಾನಿಯಲ್ಲಿ ಎದ್ದುನಿಂತು ಮಾತನಾಡಬಹುದೆಂಬ ಅರಿವು ಮೂಡಿದ್ದು ಅಲ್ಲಿ.

ಕಾಂಗ್ರೆಸ್ ಅಧಿವೇಶನದ ಬಾಗಿಲು ಇಂಥವರಿಗೆ ತೆರೆದದ್ದು 1920ರ ನಾಗಪುರ ಅಧಿವೇಶನದ ನಂತರ. ಅಲ್ಲಿ ಅಂಗೀಕಾರವಾದ ಹೊಸ ನಿಯಮಾವಳಿಯಂತೆ ಪ್ರಾಂತಗಳು ಭಾಷೆಯ ಆಧಾರದ ಮೇಲೆ ರಚನೆಯಾದವು. ಸರ್ಕಾರದ ನಕ್ಷೆಯಲ್ಲಿ ಹರಿದು ಹಂಚಿಹೋಗಿದ್ದ ಕರ್ನಾಟಕ ಕಾಂಗ್ರೆಸ್ಸಿನ ನಕ್ಷೆಯಲ್ಲಿ ಒಂದಾಯಿತು. 50,000 ಜನಸಂಖ್ಯೆಗೆ ಒಬ್ಬ ಪ್ರತಿನಿಧಿ ಎಂಬ ಲೆಕ್ಕ ಬಂತು. ನಾಲ್ಕಾಣೆ ಕೊಟ್ಟವನು ಸದಸ್ಯ, ಸದಸ್ಯರು ಆರಿಸಿದವನು ಪ್ರತಿನಿಧಿ.

ಆದರೆ ಸಂಸ್ಥಾನದ ಪ್ರಜೆಗೆ ಇಲ್ಲೊಂದು ವಿಚಿತ್ರ ತೊಡಕಿತ್ತು. ಅವನು ಕಾಂಗ್ರೆಸ್ ಸದಸ್ಯನಾಗಬಹುದು, ವೈಸರಾಯರ ಆಡಳಿತದ ವಿರುದ್ಧ ಕೈಯೆತ್ತಬಹುದು. ಆದರೆ ಸಂಸ್ಥಾನಗಳ ಆಂತರಿಕ ವ್ಯವಹಾರಗಳಲ್ಲಿ ಕಾಂಗ್ರೆಸ್ ತಲೆಹಾಕುವುದಿಲ್ಲ ಎಂಬುದು ಅದೇ ನಾಗಪುರದ ನಿಲುವು. ದೆಹಲಿಯ ಬಗ್ಗೆ ಮತ ಕೊಡಬಲ್ಲ ನಾಗಮಂಗಲದ ಸದಸ್ಯ ತನ್ನ ಮನೆಬಾಗಿಲಿನ ಮೈಸೂರು ಸರ್ಕಾರದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ.

1924ರ ಡಿಸೆಂಬರಿನಲ್ಲಿ ಅಧಿವೇಶನವೇ ಕನ್ನಡ ನೆಲಕ್ಕೆ ಬಂತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಎದ್ದ ಬಿಡಾರಕ್ಕೆ ವಿಜಯನಗರವೆಂದು ಹೆಸರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರು. ಡಾ. ನಾ.ಸು. ಹರ್ಡೀಕರರ ಸ್ವಯಂಸೇವಕರು ಶಿಸ್ತನ್ನು ನೋಡಿಕೊಂಡರು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಮೈಸೂರಿನ ಕಡೆಯವರಿಗೂ ಮುಂಬಯಿ ಕರ್ನಾಟಕದವರಿಗೂ ತಾವು ಒಂದೇ ನಾಡಿನವರೆಂಬ ಅನುಭವ ಭಾಷಣಗಳಿಗಿಂತ ಹೆಚ್ಚಾಗಿ ಬಿಡಾರದ ಒಡನಾಟದಲ್ಲಿ ಆಗಿದ್ದರೆ ಆಶ್ಚರ್ಯವಿಲ್ಲ. ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು ಎಂಬ ನಿಯಮವೂ ಆಗ ಬಂತು. ಅದು ಬಹುಕಾಲ ಬಾಳಲಿಲ್ಲ, ಮರುವರ್ಷವೇ ಸಡಿಲವಾಯಿತು. ಅಧಿವೇಶನದ ನಿರ್ಣಯ ಊರಿನ ಕೈಗೆ ಒಗ್ಗದಿದ್ದರೆ ಎಷ್ಟು ದಿನ ನಿಂತೀತು ಎಂಬುದಕ್ಕೆ ಇದೊಂದು ನಿದರ್ಶನ.

ಇಷ್ಟಾದರೂ ಮೈಸೂರಿನ ಹಳ್ಳಿಗಳು ಕಾಂಗ್ರೆಸ್ಸಿನಿಂದ ದೂರವೇ ಇದ್ದವು. ಕಾಂಗ್ರೆಸ್ ಹೆಚ್ಚಾಗಿ ಪಟ್ಟಣದ ವಿದ್ಯಾವಂತರ ಸಂಸ್ಥೆಯಾಗಿತ್ತು. ಒಕ್ಕಲಿಗ, ಲಿಂಗಾಯತ ಮುಖಂಡರಲ್ಲಿ ಅನೇಕರು 1917ರ ಪ್ರಜಾಮಿತ್ರ ಮಂಡಳಿ, ಆಮೇಲಿನ ಪ್ರಜಾಪಕ್ಷಗಳ ಕಡೆಗಿದ್ದರು. ಇವೆರಡೂ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಗಿ, ಕೊನೆಗೆ 1937ರಲ್ಲಿ ಕಾಂಗ್ರೆಸ್ಸಿನೊಡನೆ ಬೆರೆತಾಗ ಚಿತ್ರ ಬದಲಾಯಿತು. ಜಿಲ್ಲಾ ಬೋರ್ಡು, ತಾಲ್ಲೂಕು ಮಟ್ಟದ ರಾಜಕೀಯದಲ್ಲಿ ಪಳಗಿದ, ಹಳ್ಳಿಯ ನಾಡಿ ಬಲ್ಲ ಜನ ಒಳಗೆ ಬಂದರು.

ಅತ್ತ ರಾಷ್ಟ್ರೀಯ ಕಾಂಗ್ರೆಸ್ ಕೂಡ ಹಳ್ಳಿಯತ್ತ ಮುಖ ಮಾಡಿತ್ತು. 1934ರ ತಿದ್ದುಪಡಿಯಂತೆ ಒಟ್ಟು ಪ್ರತಿನಿಧಿಗಳು 2000 ಮೀರಬಾರದು. ಅವರಲ್ಲಿ ಗ್ರಾಮಾಂತರಕ್ಕೆ 1489, ನಗರಗಳಿಗೆ 511. 1936ರಲ್ಲಿ ಫೈಜ್‌ಪುರದಲ್ಲಿ ಮೊದಲ ಬಾರಿಗೆ ಹಳ್ಳಿಯಲ್ಲೇ ಅಧಿವೇಶನ ನಡೆಯಿತು. 1938ರ ಫೆಬ್ರುವರಿಯಲ್ಲಿ ಗುಜರಾತಿನ ಹರಿಪುರದ್ದೂ ಹಳ್ಳಿಯ ಅಧಿವೇಶನವೇ. ತಪತಿ ನದಿಯ ದಡದಲ್ಲಿ 51ನೆಯ ಅಧಿವೇಶನಕ್ಕೆ 51 ಎತ್ತುಗಳ ರಥದಲ್ಲಿ ಅಧ್ಯಕ್ಷ ಸುಭಾಷ್‌ಚಂದ್ರ ಬೋಸರ ಮೆರವಣಿಗೆ. ನಂದಲಾಲ್ ಬೋಸರು ಬರೆದ ಹಳ್ಳಿಬದುಕಿನ ಚಿತ್ರಗಳ ಅಲಂಕಾರ.

ಈ ಸಂಭ್ರಮದ ನಡುವೆ ಮೈಸೂರಿನವರಿಗೆ ಬೇಕಾಗಿದ್ದದ್ದು ಒಂದೇ: ಸಂಸ್ಥಾನಗಳ ಪ್ರಶ್ನೆಗೆ ಉತ್ತರ. ಹರಿಪುರದ ನಿರ್ಣಯ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿತು. ಬ್ರಿಟಿಷ್ ಇಂಡಿಯಾದಲ್ಲಿ ಬಯಸುವ ಸ್ವಾತಂತ್ರ್ಯವೇ ಸಂಸ್ಥಾನಗಳಿಗೂ ಬೇಕು ಎಂದಿತು. ಆದರೆ ಅಲ್ಲಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದು, ಅಲ್ಲಿನ ಜನ ತಮ್ಮ ಬಲದ ಮೇಲೆ ತಾವೇ ನಿಲ್ಲಬೇಕು ಎಂದಿತು. ಅದಕ್ಕೆ ಹಿಂದಿನ ವರ್ಷ ಕಲ್ಕತ್ತೆಯ ಸಭೆ ಮೈಸೂರಿನ ದಮನವನ್ನು ಖಂಡಿಸಿದಾಗ ಗಾಂಧೀಜಿಯವರೇ ಆಕ್ಷೇಪಿಸಿದ್ದರು.

ಇಂಥ ನಿರ್ಣಯ ಕೈಗೆ ಬಂದಾಗ ಊರಿನ ಮುಖಂಡ ಏನು ಮಾಡಬೇಕು? ಅಪ್ಪಣೆ ಸಿಗಲಿಲ್ಲವೆಂದು ಸುಮ್ಮನಿರಬಹುದು. ತಮ್ಮ ಬಲದ ಮೇಲೆ ನಿಲ್ಲಬೇಕೆಂಬ ಮಾತನ್ನೇ ಅಪ್ಪಣೆಯೆಂದು ತಿಳಿಯಲೂಬಹುದು. ಮೈಸೂರಿನವರು ಎರಡನೆಯ ದಾರಿ ಹಿಡಿದರು. ಎರಡೇ ತಿಂಗಳಲ್ಲಿ, 1938ರ ಏಪ್ರಿಲ್ 11ರಿಂದ 13ರವರೆಗೆ, ಮದ್ದೂರಿನ ಬಳಿ ಶಿವಪುರದಲ್ಲಿ ತಮ್ಮದೇ ಅಧಿವೇಶನ ನಡೆಸಿದರು. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ಸ್ಥಳೀಯವಾಗಿ ದುಡಿದವರಲ್ಲಿ ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚನ್ನಯ್ಯನವರು ಪ್ರಮುಖರು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಆಗಿನ್ನೂ ಮದ್ದೂರೂ ನಮ್ಮ ನಾಲ್ಕು ತಾಲ್ಲೂಕುಗಳೂ ಮೈಸೂರು ಜಿಲ್ಲೆಗೇ ಸೇರಿದ್ದವು. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ಕಾಲ. ಅಲ್ಲಿಂದಲೂ ಶ್ರೀರಂಗಪಟ್ಟಣದಿಂದಲೂ ಮದ್ದೂರಿಗೆ ರೈಲಿತ್ತು. ನಾಗಮಂಗಲ ಪಟ್ಟಣದವರಿಗೆ ಗಾಡಿ, ಇಲ್ಲವೆ ಕಾಲ್ನಡಿಗೆ.

ಹರಿಪುರದ ಅಚ್ಚಿನಲ್ಲೇ ಶಿವಪುರ ಮೂಡಿತ್ತು: ಹಳ್ಳಿ, ಹೊಳೆಯ ಆಸರೆ, ಸ್ವಯಂಸೇವಕರು, ಖಾದಿ, ಬಾವುಟ. ಸರ್ಕಾರ ಬಾವುಟ ಹಾರಿಸುವುದನ್ನು ನಿಷೇಧಿಸಿತು. ಸಾವಿರಾರು ಜನ ಸೇರಿ ನಿಷೇಧ ಮುರಿದರು. ಬಾವುಟ ಏರಿತು, ನಾಯಕರು ಒಬ್ಬರ ಹಿಂದೊಬ್ಬರು ಸೆರೆಯಾದರು. ಸತ್ಯಾಗ್ರಹ ಸಂಸ್ಥಾನದಾದ್ಯಂತ ಹಬ್ಬಿತು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡಿನ ದಾಳಿಯಾಗಿ ಪ್ರಾಣಗಳು ಹೋದವು. ಕೊನೆಗೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದರು. ಮೇ ತಿಂಗಳ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಫೆಬ್ರುವರಿಯಲ್ಲಿ ನಿಮ್ಮ ಹೋರಾಟ ನಿಮ್ಮದು ಎಂದಿದ್ದ ರಾಷ್ಟ್ರೀಯ ನಾಯಕತ್ವ ಮೇ ತಿಂಗಳಲ್ಲಿ ತಾನೇ ಮೈಸೂರಿಗೆ ಬರಬೇಕಾಯಿತು. ನಿರ್ಣಯ ಮೇಲಿನಿಂದ ಕೆಳಗಿಳಿದರೆ ಸಾಲದು, ಕೆಳಗಿನಿಂದ ಮೇಲಕ್ಕೂ ಉತ್ತರ ಹೋಗಬೇಕು. ಶಿವಪುರ ಅಂಥ ಉತ್ತರ.

ಸ್ವಾತಂತ್ರ್ಯಾನಂತರ ಈ ಉತ್ತರದ ದನಿ ಕ್ಷೀಣಿಸುತ್ತ ಬಂತು. ಪಕ್ಷ ಸರ್ಕಾರವಾದ ಮೇಲೆ ಅಧಿವೇಶನ ಹೋರಾಟದ ಕಣವಾಗಿ ಉಳಿಯಲಿಲ್ಲ. ಟಿಕೆಟ್ಟು, ಹುದ್ದೆಗಳ ಆಸೆಯವರು ದೊಡ್ಡವರ ಕಣ್ಣಿಗೆ ಬೀಳುವ ಜಾತ್ರೆಯೂ ಆಯಿತು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಅಧ್ಯಕ್ಷರು ಕನ್ನಡಿಗರಾದ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಯವರ ಆರ್ಥಿಕ ಟಿಪ್ಪಣಿ ಮತ್ತು ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆ ಪಕ್ಷವನ್ನು ಸೀಳುವ ಹಂತಕ್ಕೆ ತಂದವು. ನವೆಂಬರಿನಲ್ಲಿ ಪಕ್ಷ ಎರಡಾಯಿತು. ತಾಲ್ಲೂಕಿನ ಮುಖಂಡ ಯಾರ ಕಡೆ ನಿಲ್ಲಬೇಕೆಂದು ಯೋಚಿಸುತ್ತಿರುವಾಗಲೇ ಮತದಾರ ತೀರ್ಮಾನಿಸಿಬಿಟ್ಟ: 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೆ ಹೋದವು. ನಾಯಕಿ ನೇರವಾಗಿ ಮತದಾರನೊಡನೆ ಮಾತನಾಡುವಾಗ ನಡುವಿನ ಪ್ರತಿನಿಧಿಯ ಬೆಲೆ ಇಳಿಯಿತು. ಚುನಾಯಿತನಾಗುತ್ತಿದ್ದವನು ನೇಮಕಗೊಳ್ಳತೊಡಗಿದ. 1992ರ ತಿರುಪತಿ ಅಧಿವೇಶನದ ಹೊತ್ತಿಗೆ ಆಂತರಿಕ ಚುನಾವಣೆ ನಡೆದದ್ದೇ ದೊಡ್ಡ ಸುದ್ದಿಯಾಯಿತು. ಇದು ಒಂದೇ ಪಕ್ಷದ ಕಥೆಯಲ್ಲ. 1988ರ ಅಕ್ಟೋಬರ್ 11ರಂದು ಬೆಂಗಳೂರಿನಲ್ಲೇ ಹುಟ್ಟಿದ ಜನತಾದಳವೂ ದೊಡ್ಡವರ ಜಗಳಗಳಿಗೆ ಹೋಳಾಗುತ್ತ ಹೋಯಿತು. ಪ್ರತಿ ಒಡಕಿನಲ್ಲೂ ಊರಿನ ಕಾರ್ಯಕರ್ತ ಹೊಸ ಬಾವುಟ ಹುಡುಕಬೇಕಾಯಿತು.

ಇದೇ ಸೀಮೆ ಬೇರೊಂದು ದಾರಿಯನ್ನೂ ತೋರಿಸಿದೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ರಾಷ್ಟ್ರೀಯ ಪಕ್ಷದ ಬಿಲ್ಲೆಗೆ ಕಾಯದೆ, ರೈತಸಂಘದ ಹಸಿರು ಶಾಲು ಹೊದ್ದು 1994ರಲ್ಲಿ ವಿಧಾನಸಭೆಗೆ ಹೋದರು. ಕಬ್ಬಿನ ಬಾಕಿ, ನಾಲೆಯ ನೀರು ಅವರ ನಿರ್ಣಯಗಳಾಗಿದ್ದವು.

2022ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ ಅಧ್ಯಕ್ಷರಾದಾಗ ಚಲಾವಣೆಯಾದ ಮತಗಳು 9,385. ಬೆಳಗಾವಿ ಅಧಿವೇಶನದ ಶತಮಾನೋತ್ಸವದ ನೆನಪಿಗೆ 2024ರ ಡಿಸೆಂಬರ್ 26ರಂದು ಅಲ್ಲಿಯೇ ಪಕ್ಷದ ಕಾರ್ಯಕಾರಿ ಸಮಿತಿ ಸೇರಿತು. ನೆನಪಿನ ಸಭೆಗಳು ಬೇಕು. ಆದರೆ 1920ರ ನಿಯಮಾವಳಿ ಬಯಸಿದ್ದು ಊರಿನವರು ಆರಿಸಿ ಕಳಿಸಿದ, ಮರಳಿ ಬಂದು ಊರಿಗೆ ಲೆಕ್ಕ ಒಪ್ಪಿಸುವ ಪ್ರತಿನಿಧಿಯನ್ನು. ಕರ್ನಾಟಕದ ಪಂಚಾಯಿತಿಗಳಲ್ಲಿ ಇಂದು ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಊರನ್ನು ಆಳಬಲ್ಲ ಆ ಸದಸ್ಯೆಗೆ ಮಹಾಧಿವೇಶನದ ಬಿಲ್ಲೆ ಯಾರ ಕೃಪೆಯಿಂದ ಸಿಗುತ್ತದೆ?

ಪಕ್ಷ ಯಾವುದೇ ಇರಲಿ, ಅಧಿವೇಶನದಿಂದ ಮರಳಿದವರನ್ನು ಊರಿನ ಜನ ಎರಡು ಪ್ರಶ್ನೆ ಕೇಳಬೇಕು: ನಮ್ಮ ಪರವಾಗಿ ಅಲ್ಲಿ ಏನು ಹೇಳಿದಿರಿ? ಅಲ್ಲಿಂದ ತಂದದ್ದರಲ್ಲಿ ಇಲ್ಲಿ ನಡೆಸಬಹುದಾದದ್ದು ಯಾವುದು? ಎರಡನೆಯ ಪ್ರಶ್ನೆಗೆ 1938ರ ಬೇಸಿಗೆಯಲ್ಲಿ ಮದ್ದೂರಿನ ಬಳಿ ಒಂದು ಉತ್ತರ ದೊರೆತಿತ್ತು. ಶಿವಪುರದ ಸತ್ಯಾಗ್ರಹ ಸೌಧ ಇಂದಿಗೂ ಹೆದ್ದಾರಿಯ ಬದಿಯಲ್ಲಿ ನಿಂತಿದೆ.