ಓದಿ ಮುಗಿಸಲು ಮೂವತ್ತೊಂದು ವರ್ಷ



ಶ್ರೀಕಾರ್ಯಂನಲ್ಲಿ ಬಸ್ಸು ಹತ್ತಿ ಕಳಕ್ಕೂಟ್ಟಂ ಕಡೆಗೆ ಕೆಲಸಕ್ಕೆ ಹೋಗುವವರು ನಿಮ್ಮಲ್ಲಿ ಇದ್ದೀರಿ. ಬಸ್ಸಿನಲ್ಲಿ ಕೂತೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ: 2, 4, 8, 16, 32. ಕೊನೆಯ ಅಂಕಿ 2, 4, 8, 6 ಎಂದು ಸುತ್ತು ಹಾಕುತ್ತಲೇ ಇರುತ್ತದೆ.

ಹೀಗೆ 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆಯಿರಿ. ಬರುವುದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಇದನ್ನು ಕಂಡುಹಿಡಿದರು. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೆ ಎರಡು ಅಂಕಿಯಂತೆ, ದಿನಕ್ಕೆ ಅರ್ಧ ಗಂಟೆ ನಾನಿಲ್ಲಿ ಓದುತ್ತಾ ಕೂತರೆ ಮುಗಿಯುವಷ್ಟರಲ್ಲಿ ಮೂವತ್ತೊಂದು ವರ್ಷ ಕಳೆದಿರುತ್ತದೆ. ಕೊನೆಯ ಅಂಕಿಯನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ: ಅದು 1. ಆಗಲೇ ಹೇಳಿದ ಸುತ್ತಿನ ಲೆಕ್ಕದಿಂದ ನೀವೂ ಅದನ್ನು ಪಡೆಯಬಹುದು.

ಇಷ್ಟು ದೊಡ್ಡದನ್ನು ಒಂದೊಂದಾಗಿ ಭಾಗಿಸಿ ನೋಡಿದವರು ಯಾರು? ಯಾರೂ ಇಲ್ಲ. ಭಾಗಿಸದೆಯೇ ತಿಳಿಯುವ ಪರೀಕ್ಷೆಯೊಂದಿದೆ. 31ನ್ನು ತೆಗೆದುಕೊಳ್ಳಿ, ಅದು ಐದು ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆ. 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಮೊದಲು 14. ಮತ್ತೆ ಮಾಡಿದರೆ 194, ಶೇಷ 8. ಮತ್ತೊಮ್ಮೆ 62, ಶೇಷ ಸೊನ್ನೆ! ಐದಕ್ಕೆ ಎರಡು ಕಡಿಮೆ, ಅಂದರೆ ಮೂರನೆಯ ಸಲ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಡ್ಯುರಾಂಟ್ ಅವರ ಸಂಖ್ಯೆಯ ಸುಳಿವು ಡಬ್ಲಿನ್‌ನ ಯಂತ್ರವೊಂದರಲ್ಲಿ ಸಿಕ್ಕಿತು. ಅದನ್ನು ಖಚಿತಪಡಿಸಿದ್ದು ಇದೇ ಪರೀಕ್ಷೆ.

ಈ ದಾರಿ ತೆರೆದವರು ಫ್ರಾನ್ಸಿನ ಲ್ಯೂಕಾ. 67 ಎರಡುಗಳ ಗುಣಲಬ್ಧಕ್ಕೆ ಒಂದು ಕಡಿಮೆಯಾದ ಸಂಖ್ಯೆ ಅವಿಭಾಜ್ಯವೆಂದು 1644ರಲ್ಲಿ ಮರ್ಸೆನ್ ಬರೆದಿದ್ದರು. ಅಲ್ಲವೆಂದು 1876ರಲ್ಲಿ ಲ್ಯೂಕಾ ತೋರಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. 193707721 ಮತ್ತು 761838257287 ಎಂಬ ಭಾಜಕಗಳನ್ನು ಅಮೆರಿಕದ ಕೋಲ್ 1903ರಲ್ಲಿ ಮುಂದಿಟ್ಟರು. ನಡುವೆ ಇಪ್ಪತ್ತೇಳು ವರ್ಷ! ನನಗೆ ದೊಡ್ಡ ಸಂಖ್ಯೆಯ ಗಾತ್ರಕ್ಕಿಂತ ಈ ಇಪ್ಪತ್ತೇಳು ವರ್ಷವೇ ಹೆಚ್ಚಿನ ಅಚ್ಚರಿ.

ನೀವು ಊರಿಗೆ ಹಣ ಕಳಿಸುವಾಗ ಅದನ್ನು ಕಾಯುವ ವಿಧಾನಗಳಲ್ಲೊಂದಾದ ಆರ್‌ಎಸ್‌ಎ ನಿಂತಿರುವುದೂ ಈ ಅಂತರದ ಮೇಲೆಯೇ. ಮುನ್ನೂರು ಚಿಲ್ಲರೆ ಅಂಕಿಗಳ ಎರಡು ಅವಿಭಾಜ್ಯಗಳನ್ನು ಹುಡುಕಿ ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ಬಲು ಕಷ್ಟ. (ಡ್ಯುರಾಂಟ್ ಅವರ ಸಂಖ್ಯೆ ಇದಕ್ಕೆ ಬಾರದು. ಊರಿಗೆಲ್ಲ ಗೊತ್ತಿರುವ ಬೀಗದ ಕೈ ಯಾರಿಗೆ ಬೇಕು?) ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಖಚಿತವಾಗಿ, ಬೇಗನೆ ತಿಳಿಯಬಹುದೆಂದು ಕಾನ್ಪುರದ ಐಐಟಿಯಲ್ಲಿ ಅಗ್ರವಾಲ್, ಕಯಾಲ್, ಸಕ್ಸೇನಾ 2002ರಲ್ಲಿ ಸಾಧಿಸಿದರು. ಕಯಾಲ್ ಮುಂದೆ ನಮ್ಮ ಬೆಂಗಳೂರಿನಲ್ಲೇ ಸಂಶೋಧಕರಾದರು. ಆದರೆ ಭಾಜಕಗಳನ್ನು ಬೇಗನೆ ಹುಡುಕುವ ದಾರಿ ಅದರಿಂದಲೂ ಸಿಗಲಿಲ್ಲ.

ನಾಳೆ ಬಸ್ಸಿನಲ್ಲಿ 127ನ್ನು ಪರೀಕ್ಷಿಸಿ ನೋಡಿ. ಅದಕ್ಕೆ ಏಳು ಎರಡುಗಳು, ಹಾಗಾಗಿ ಐದು ಸಲ. ಕಳಕ್ಕೂಟ್ಟಂ ಬರುವುದರೊಳಗೆ ಮುಗಿದೀತು.