ಹರಿಹರದ ದಂಡು ಮತ್ತು ದೊರೆಗಳ ನೌಕರಿ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೇನಾಧಿಕಾರಿಯಾಗಿ ಹಿಂದೂಸ್ಥಾನಕ್ಕೆ ಬರಲು ಎರಡು ದಾರಿಗಳಿದ್ದವು. ಇಂಗ್ಲೆಂಡಿನ ರಾಜನ ಸೈನ್ಯದಲ್ಲಿ ಕಾಲಾಳು ಮತ್ತು ಕುದುರೆ ದಳಗಳ ಹುದ್ದೆಗಳನ್ನು ಬಹುಮಟ್ಟಿಗೆ ಹಣ ಕೊಟ್ಟೇ ಕೊಳ್ಳಬೇಕಿತ್ತು. 1821ರ ದರಪಟ್ಟಿಯಂತೆ ಕಾಲಾಳು ದಳದ ತೀರಾ ಕೆಳಗಿನ ಎನ್‌ಸೈನ್ ಹುದ್ದೆಗೆ 450 ಪೌಂಡ್, ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ 4,500 ಪೌಂಡ್. ಈ ವ್ಯಾಪಾರ ನಿಂತದ್ದು 1871ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಹುದ್ದೆ ಮಾರಾಟಕ್ಕಿರಲಿಲ್ಲ. ಅಲ್ಲಿ ಕಂಪನಿಯ ಡೈರೆಕ್ಟರೊಬ್ಬನ ಶಿಫಾರಸು ಸಿಕ್ಕರೆ ಕೆಡೆಟ್ ಆಗಿ ಹಡಗು ಹತ್ತಬಹುದಿತ್ತು. ಆದರೆ ಬಡ್ತಿ ಹಿರಿತನದ ಮೇಲೆ ನಡೆಯುತ್ತಿತ್ತು. ಮೇಲಿನವನು ಸಾಯಬೇಕು ಇಲ್ಲವೇ ಊರಿಗೆ ಮರಳಬೇಕು, ಆಗಲೇ ಕೆಳಗಿನವನಿಗೆ ಜಾಗ. ಹೀಗಾಗಿ ಚುರುಕಾದವರು ಕವಾಯತು ಬಿಟ್ಟು ಭೂಮಾಪನ, ಕಂದಾಯ, ರಸ್ತೆ, ಸೇತುವೆಗಳ ಕೆಲಸ ಹುಡುಕಿಕೊಳ್ಳುತ್ತಿದ್ದರು. ಹರಿಹರ–ದಾವಣಗೆರೆ ಸೀಮೆಯಲ್ಲಿ ಹಾದುಹೋದ ದೊರೆಗಳ ಚರಿತ್ರೆಯಲ್ಲಿ ಕತ್ತಿಗಿಂತ ಈ ಎರಡನೆಯ ಕಸುಬುಗಳದ್ದೇ ದೊಡ್ಡ ಪಾಲು.

ಕತ್ತಿಯ ಕಥೆಯಲ್ಲಿ ಮೊದಲ ಹೆಸರು ಆರ್ಥರ್ ವೆಲ್ಲೆಸ್ಲಿ. 1787ರಲ್ಲಿ, ಹದಿನೆಂಟು ತುಂಬುವ ಮೊದಲೇ ಸೈನ್ಯ ಸೇರಿದ ಈತ ಅಣ್ಣ ರಿಚರ್ಡನಿಂದ ಸಾಲ ಪಡೆದು 33ನೆಯ ದಳದಲ್ಲಿ ಹುದ್ದೆ ಕೊಂಡ. 1793ರ ಹೊತ್ತಿಗೆ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಲೆಫ್ಟಿನೆಂಟ್ ಕರ್ನಲ್. 1799ರಲ್ಲಿ ಟಿಪ್ಪು ಮಡಿದಾಗ ಶ್ರೀರಂಗಪಟ್ಟಣದ ಅಧಿಕಾರ ಇವನ ಕೈಗೆ ಬಂತು. ಗವರ್ನರ್ ಜನರಲ್ ಆಗಿದ್ದವನು ಅದೇ ಅಣ್ಣ ಎಂಬುದನ್ನು ಮರೆಯುವಂತಿಲ್ಲ.

ಇವನ ಎದುರಾಳಿ ಈ ಸೀಮೆಯವನೇ. ಚನ್ನಗಿರಿಯಲ್ಲಿ ಹುಟ್ಟಿ, ಹೈದರನ ಕುದುರೆ ದಳದಲ್ಲಿ ದುಡಿದು, ಟಿಪ್ಪುವಿನ ಸೆರೆಯಲ್ಲಿದ್ದ ಧೋಂಡಿಯಾ ವಾಘ್ ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಹೊರಬಿದ್ದು ದಂಡು ಕಟ್ಟಿದ. ಆ ಹೊತ್ತಿನಲ್ಲಿ ವೆಲ್ಲೆಸ್ಲಿಗೆ ಬಟಾವಿಯಾ ದಂಡಯಾತ್ರೆಯ ನಾಯಕತ್ವ ಒದಗಿ ಬಂದಿತ್ತು. ಅದನ್ನು ಬಿಟ್ಟು ಧೋಂಡಿಯಾನ ಬೆನ್ನು ಹತ್ತಿದ. 1800ರ ಜೂನ್‌ನಲ್ಲಿ ತುಂಗಭದ್ರೆಯನ್ನು ದಾಟಿದ್ದು ಹರಿಹರದಲ್ಲಿ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತ. ಅವನ ಸಾಮಾನಿನ ನಡುವೆ ಸಿಕ್ಕ ಸಲಾಬತ್ ಖಾನ್ ಎಂಬ ಬಾಲಕನನ್ನು ವೆಲ್ಲೆಸ್ಲಿ ಸಾಕಿದ. ದೇಶ ಬಿಡುವಾಗ ಅವನ ಹೆಸರಿಗೆ ಹಣವನ್ನೂ ಇಟ್ಟ.

ಮೂರು ವರ್ಷಗಳ ನಂತರ ಹರಿಹರವೇ ಇನ್ನೊಂದು ದಂಡಯಾತ್ರೆಯ ನೆಲೆಯಾಯಿತು. ಮರಾಠರ ವಿರುದ್ಧ ಜನರಲ್ ಸ್ಟುವರ್ಟನ ಸೈನ್ಯ ಇಲ್ಲಿ ಕೂಡಿತು. ವೆಲ್ಲೆಸ್ಲಿ 1803ರ ಮಾರ್ಚ್ 9ರಂದು ಹೊರಟು, 12ರಂದು ಹೊಳೆ ದಾಟಿ, ಏಪ್ರಿಲ್ 20ಕ್ಕೆ ಪುಣೆ ತಲುಪಿದ. ಈ ವೇಗದ ಗುಟ್ಟು ಎತ್ತುಗಳಲ್ಲಿತ್ತು. ಮೈಸೂರಿನ ಅಮೃತಮಹಲ್ ಎತ್ತುಗಳ ನೆಚ್ಚಿಕೆ ಅವನಿಗೆ ಎಷ್ಟಿತ್ತೆಂದರೆ, ಮುಂದೆ ಸ್ಪೇನಿನ ಯುದ್ಧದಲ್ಲಿ ಅವು ಇಲ್ಲವಲ್ಲ ಎಂದು ಹಲುಬಿದನೆಂದು ಮೈಸೂರು ಗೆಜೆಟಿಯರ್ ಬರೆಯುತ್ತದೆ. ಹೊಳೆ ದಾಟಿಸುವ ಹರಿಗೋಲುಗಳ ವಿಚಾರವೂ ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈತ 1805ರಲ್ಲಿ ಇಂಗ್ಲೆಂಡಿಗೆ ಮರಳಿದ, 1815ರಲ್ಲಿ ವಾಟರ್ಲೂ ಗೆದ್ದ, 1828ರಲ್ಲಿ ಪ್ರಧಾನಿಯಾದ.

ಎಲ್ಲರ ನೌಕರಿಯೂ ಹೀಗೆ ಏರಲಿಲ್ಲ. ವೆಲ್ಲೆಸ್ಲಿಯದೇ 33ನೆಯ ದಳದಲ್ಲಿ ವಿಲಿಯಂ ಲ್ಯಾಂಬ್ಟನ್ ನಡುವಯಸ್ಸು ದಾಟಿದರೂ ಲೆಫ್ಟಿನೆಂಟ್ ಆಗಿಯೇ ಇದ್ದ. ಮೈಸೂರು ಗೆದ್ದ ಮೇಲೆ, ಭೂಮಿಯನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನಲ್ಲಿ ಮೊದಲ ಆಧಾರರೇಖೆ ಎಳೆದು, 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿ, ಆ ಕೆಲಸದಲ್ಲೇ 1823ರಲ್ಲಿ ಹಿಂಗನಘಾಟಿನಲ್ಲಿ ತೀರಿಕೊಂಡ. ಮೈಸೂರು ರಾಜ್ಯದ ಸರ್ವೆ ಮಾಡಿದವನು ಕಾಲಿನ್ ಮೆಕೆಂಜಿ. ಮದ್ರಾಸ್ ಇಂಜಿನಿಯರ್ ದಳದವನು, 1815ರಲ್ಲಿ ಹಿಂದೂಸ್ಥಾನದ ಮೊದಲ ಸರ್ವೇಯರ್ ಜನರಲ್. ಕೈಫಿಯತ್ತು, ಶಾಸನಗಳ ಅವನ ಭಾರಿ ಸಂಗ್ರಹದ ಹಿಂದೆ ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರ ದುಡಿಮೆಯಿದೆ.

ನೆರೆಯ ಹರಪನಹಳ್ಳಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದಾಗ ಕಲೆಕ್ಟರನಾದ ಥಾಮಸ್ ಮನ್ರೋ ಕೂಡ ಮೂಲದಲ್ಲಿ ಕಾಲಾಳು ದಳದ ಕೆಡೆಟ್. ದೇಶಭಾಷೆ ಬಲ್ಲ ಸಿವಿಲ್ ಅಧಿಕಾರಿಗಳು ಸಾಲದಾದಾಗ ಸೇನೆಯವರನ್ನು ಕಂದಾಯಕ್ಕೆ ಎಳೆದುಕೊಂಡದ್ದು ಅವನಿಗೆ ದಾರಿ ತೆರೆಯಿತು. 1820ರಲ್ಲಿ ಮದ್ರಾಸಿನ ಗವರ್ನರ್ ಆದ.

ವೈದ್ಯರ ಪೈಕಿ ಫ್ರಾನ್ಸಿಸ್ ಬುಕಾನನ್‌ನನ್ನು ವಿವರವಾಗಿ ನೋಡಬೇಕು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಹಡಗಿನ ವೈದ್ಯನಾಗಿ ಅಲೆದು, 1794ರಲ್ಲಿ ಕಂಪನಿಯ ಬಂಗಾಳ ಸೇವೆಗೆ ಸೇರಿದವನು. 1800ರ ಏಪ್ರಿಲ್ 23ರಂದು ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1801ರಲ್ಲಿ ಹರಿಹರ, ದಾವಣಗೆರೆಗಳಿಗೂ ಬಂದ. ರೋಗಿಯ ನಾಡಿಗಿಂತ ಊರಿನ ಆದಾಯ, ಬೆಳೆ, ಮಗ್ಗ, ಸಂತೆಗಳನ್ನು ವಿಚಾರಿಸುವುದೇ ಅವನ ಕೆಲಸ. ಹೈದರ್ ಜಹಗೀರಾಗಿ ಕೊಟ್ಟ ಮೇಲೆ ಅಪ್ಪೋಜಿರಾಮ ವರ್ತಕರನ್ನು ಕರೆತಂದು ಬೆಳೆಸಿದ ದಾವಣಗೆರೆ ಆಗ ಹೊಸ ಪೇಟೆ. ಅದರ ಹೆಸರು ನಿಂತಿದ್ದದ್ದು ಕಂಬಳಿಯ ಮೇಲೆ. ಬುಕಾನನ್‌ನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಗೆದ್ದ ದೇಶದ ಬೆಲೆ ಕಟ್ಟಲು ಬರೆಸಿದ ವರದಿ ಅದು. ಆದರೂ ಆ ಕಾಲದ ಇಲ್ಲಿನ ಬೇಸಾಯಗಾರ, ನೇಕಾರರ ಬಗ್ಗೆ ಅಷ್ಟು ತಿಳಿಸುವ ಪುಸ್ತಕಗಳು ಕಡಿಮೆ.

1831ರಲ್ಲಿ, ನಗರ ಸೀಮೆಯ ರೈತರ ದಂಗೆಯ ಬೆನ್ನಿಗೆ, ಮೈಸೂರಿನ ಆಡಳಿತ ಕಮಿಷನರರ ಕೈಗೆ ಹೋದಾಗ ಸೇನಾಧಿಕಾರಿಗಳಿಗೆ ಹೊಸ ನೌಕರಿಗಳು ಹುಟ್ಟಿಕೊಂಡವು. 1800ರಲ್ಲಿ ಕೆಡೆಟ್ ಆಗಿ ಬಂದ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್. ಚಿತ್ರದುರ್ಗ ವಿಭಾಗಕ್ಕೆ ಸೂಪರಿಂಟೆಂಡೆಂಟ್ ಆಗಿದ್ದ ಮದ್ರಾಸ್ ಸೈನ್ಯದ ಡಾಬ್ಸ್‌ನ ಹೆಸರು ತುಮಕೂರು ರಸ್ತೆಯ ಡಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ.

ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ 1865ರವರೆಗೂ ದೇಶೀ ಪಲ್ಟನ್ನಿನ ದಂಡು ಇತ್ತು. ಸಿಪಾಯಿ ಎಷ್ಟೇ ವರ್ಷ ದುಡಿದರೂ ಸುಬೇದಾರ, ಹೆಚ್ಚೆಂದರೆ ಸುಬೇದಾರ ಮೇಜರ್. ನಿನ್ನೆ ಮೊನ್ನೆ ಹಡಗಿಳಿದ ಎನ್‌ಸೈನ್‌ಗೂ ಅವನು ಸಲಾಮು ಹೊಡೆಯಬೇಕಿತ್ತು. ದಂಡು ಎದ್ದು ಹೋದ ಮೂರು ವರ್ಷಕ್ಕೆ, 1868ರಲ್ಲಿ, ತುಂಗಭದ್ರೆಗೆ ಸೇತುವೆ ಆಯಿತು: ಕಲ್ಲು, ಇಟ್ಟಿಗೆಯ ಕಟ್ಟಡ, ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳು, ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಆಗ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದವನು ಅಡಿಸ್ಕಂಬ್ ಸೈನಿಕ ಶಾಲೆಯಲ್ಲಿ ಕಲಿತ ರಿಚರ್ಡ್ ಸ್ಯಾಂಕಿ.

ಕೊನೆಗೆ ಕ್ಯಾಮೆರಾ. 1855ರಲ್ಲಿ ಬೊಂಬಾಯಿ ಸರ್ಕಾರ ಫಿರಂಗಿ ದಳದ ಬಿಗ್ಸ್‌ನನ್ನು ದೇವಾಲಯಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವನನ್ನು ದಳಕ್ಕೆ ಮರಳಿ ಕರೆಸಿದಾಗ ಆ ಜಾಗಕ್ಕೆ ಬಂದವನು ಡಾಕ್ಟರ್ ಪಿಗೋ. ಹರಿಹರೇಶ್ವರ ದೇವಾಲಯದ ಹಳೆಯ ಚಿತ್ರಗಳು ಈತನವು. ಇವರ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರನ ಬರಹದೊಡನೆ ಪುಸ್ತಕವಾದವು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಹರಿಹರವೂ ಸೇರಿದಂತೆ ಹಲವೆಡೆಯ ಶಾಸನಗಳ ಚಿತ್ರ ತೆಗೆದ. ಅವುಗಳನ್ನು ಓದಿ ಅನುವಾದಿಸಿ 1879ರಲ್ಲಿ ಪ್ರಕಟಿಸಿದವನು ಬೆಂಗಳೂರಿನಲ್ಲೇ ಹುಟ್ಟಿದ ಶಾಲಾ ಅಧಿಕಾರಿ ಬಿ.ಎಲ್. ರೈಸ್. ಹರಿಹರದ ಕಲ್ಲುಗಳೂ ಒಬ್ಬ ಸೇನಾಧಿಕಾರಿಯ ಚರಿತ್ರೆಯನ್ನೇ ಹೇಳುತ್ತಿದ್ದವು: 1224ರಲ್ಲಿ ಆ ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಲ್ವ. ಈ ಶಾಸನಗಳ ಪೂರ್ಣಪಾಠ 1903ರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿದೆ. ಹರಿಹರ ಆಗ ದಾವಣಗೆರೆ ತಾಲ್ಲೂಕಿಗೆ ಸೇರಿತ್ತಾದ್ದರಿಂದ ಹುಡುಕುವವರು ದಾವಣಗೆರೆಯ ಭಾಗವನ್ನೇ ತೆರೆಯಬೇಕು.